ಕಪಿಲೆಗೆ ಹರಳೆಣ್ಣೆ, ನನಗೆ ಆಸ್ಪತ್ರೆಯ ಟ್ಯೂಬು

ನಮ್ಮೂರು ಪುರವರದ ಸುತ್ತಮುತ್ತ ನನ್ನನ್ನು ನಾಚಿಕೆಯಿಲ್ಲದವಳು ಎಂದೇ ಕರೆಯುತ್ತಿದ್ದ ಕಾಲವೊಂದಿತ್ತು. ಕರೆದುಕೊಳ್ಳಲಿ. ನಾಚಿಕೊಂಡು ಸತ್ತಿದ್ದರೆ ಅದೇ ಜನ ನನ್ನ ತಿಥಿಯಲ್ಲಿ ವಡೆ ತಿನ್ನುತ್ತಾ 'ಪಾಪ, ಬಂಗಾರದಂಥಾ ಸೊಸೆ' ಅನ್ನುತ್ತಿದ್ದರು. ಅಂಥ ಬಂಗಾರವಾಗುವ ಆಸೆ ನನಗಿರಲಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಎರಡನೆಯ ಹೆರಿಗೆ ಮಧುಗಿರಿಯ ಆಸ್ಪತ್ರೆಯಲ್ಲಾಯಿತು. ರಕ್ತ ಹೋಗಿ ಮೂರು ದಿನ ನನಗೆ ಎಚ್ಚರವಿರಲಿಲ್ಲ. ಡಾಕ್ಟರಮ್ಮ ನನ್ನ ಗಂಡನನ್ನು ಕರೆದು, 'ಇನ್ನೊಂದು ಸಲ ಬಸಿರಾದರೆ ಇವಳನ್ನು ಉಳಿಸೋಕಾಗಲ್ಲ' ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಅಲ್ಲಿನ ನರ್ಸಮ್ಮ ಶಿರಾದ ಮುಸಲ್ಮಾನರ ಮನೆಯ ಹೆಂಗಸು. ನಾವು ಹೊರಡುವ ದಿನ ಒಂದು ಪೊಟ್ಟಣದಲ್ಲಿ ಗಂಡಸರು ಹಾಕಿಕೊಳ್ಳುವ ರಬ್ಬರುಗಳನ್ನು ಕೊಟ್ಟು, ಬಳಸುವ ರೀತಿಯನ್ನೂ ಹೇಳಿದರು. ನನ್ನ ಗಂಡ ಕಾಲಿನ ಹೆಬ್ಬೆರಳನ್ನೇ ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

ಆದರೆ ನೋವಿನ ವಿಷಯ ಯಾರೂ ಹೇಳಿರಲಿಲ್ಲ. ಮಗುವಿಗೆ ಹಾಲೂಡಿಸುವ ತಿಂಗಳುಗಳಲ್ಲಿ ಒಳಗೆಲ್ಲ ಒಣಗಿರುತ್ತದೆಂದು ನನಗೇನು ಗೊತ್ತು? ಗಂಡ ಹತ್ತಿರ ಬಂದರೆ ಉಪ್ಪುಕಾಗದದಿಂದ ಉಜ್ಜಿದಂಥ ಉರಿ. ಅಕ್ಕಪಕ್ಕದ ಹೆಂಗಸರ ಹತ್ತಿರ ಬಾಯಿಬಿಟ್ಟರೆ, 'ಹಲ್ಲು ಕಚ್ಕೊಂಡಿರು ಕಣಮ್ಮ, ಎಲ್ರಿಗೂ ಇದ್ದದ್ದೇಯ' ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೆರುವಾಗ ಹಲ್ಲು ಕಚ್ಚಿದ್ದೆ, ಹೊಲದಲ್ಲಿ ಕಚ್ಚಿದ್ದೆ. ಗಂಡನ ಪಕ್ಕದಲ್ಲೂ ಕಚ್ಚುತ್ತಲೇ ಇರಬೇಕೆಂದರೆ ಒಂದು ಬಾಯಲ್ಲಿ ಎಷ್ಟು ಹಲ್ಲಿರುತ್ತವೆ? ಆ ಸುಖದಲ್ಲಿ ನನಗೂ ಪಾಲಿತ್ತು, ಅದನ್ನು ಬಿಟ್ಟುಕೊಡಲು ನನಗೆ ಇಷ್ಟವಿರಲಿಲ್ಲ. ಗಂಡನಿಗೇ ನೇರವಾಗಿ ಹೇಳಿದೆ.

ಅವರು ಕೆಟ್ಟವರಲ್ಲ. ಆ ಹೊತ್ತಿಗೆ ಬಾವಿಯ ಹತ್ತಿರ ಕೂತು ಕಪಿಲೆಯ ತೊಗಲಿಗೆ ಹರಳೆಣ್ಣೆ ತಿಕ್ಕುತ್ತಿದ್ದರು. ಎತ್ತು ಕಟ್ಟಿ ನೀರೆತ್ತುವ ಆ ತೊಗಲ ಚೀಲಕ್ಕೆ ಎಣ್ಣೆ ಕಾಣಿಸದಿದ್ದರೆ ಬಿಸಿಲಿಗೆ ಬಿರಿಯುತ್ತದೆ. ಸ್ವಲ್ಪ ಹೊತ್ತು ಯೋಚಿಸಿ, 'ಎಣ್ಣೆ ಕುಡುದ್ರೆ ತೊಗ್ಲು ವರ್ಸಗಟ್ಲೆ ಬಾಳ್ತದೆ. ರಬ್ಬರಿಗೂ ಹಂಗೇ ಅಲ್ವಾ? ನಿಂಗೂ ಉರಿ ತಪ್ತದೆ, ಅದೂ ಗಟ್ಟಿಯಾಯ್ತದೆ' ಅಂದರು. ನನಗೂ ಸರಿಯೆನಿಸಿತು. ಮಗುವಿನ ನೆತ್ತಿ, ಬಾಗಿಲ ಕೀಲು, ಗಾಡಿಯ ಅಚ್ಚು, ನಮ್ಮ ಮನೆಯಲ್ಲಿ ಹರಳೆಣ್ಣೆ ಮುಟ್ಟದ ವಸ್ತುವೇ ಇರಲಿಲ್ಲ.

ಉರಿಯೇನೋ ನಿಂತಿತು. ಮೂರನೆಯ ಸಲಕ್ಕೆ ರಬ್ಬರು ನೆನೆದ ಹಪ್ಪಳದ ಹಾಗೆ ಹರಿದುಹೋಗಿತ್ತು.

ಆ ತಿಂಗಳು ನನ್ನ ಮುಟ್ಟು ಒಂಬತ್ತು ದಿನ ತಡವಾಯಿತು. ತೊಟ್ಟಿಲ ಕೂಸನ್ನು ನೋಡಿದಾಗಲೆಲ್ಲ ಇದನ್ನು ಇನ್ನು ಯಾರು ಸಾಕುತ್ತಾರೆ ಎಂದೇ ಯೋಚನೆ. ಗಂಡ ನನ್ನ ಮುಖ ನೋಡಲು ಹೆದರಿ ಹೊಲದಲ್ಲೇ ಉಳಿಯುತ್ತಿದ್ದರು. ಹತ್ತನೆಯ ದಿನ ಹೊರಗಾದೆ. ಹಿತ್ತಲಲ್ಲಿ ಕೂತು ಮನಸೋ ಇಚ್ಛೆ ಅತ್ತುಬಿಟ್ಟೆ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡವಳೇ ಮಧುಗಿರಿಯ ಬಸ್ಸು ಹತ್ತಿದೆ.

ಆಸ್ಪತ್ರೆಯ ಜಗಲಿಯಲ್ಲಿ ಹೆಂಗಸರ ಸಾಲು. ನರ್ಸಮ್ಮ 'ಏನಮ್ಮಾ?' ಎಂದಾಗ ನಾನು ಪಿಸುಗುಟ್ಟಲಿಲ್ಲ. ಉರಿ, ಎಣ್ಣೆ, ಕಪಿಲೆ, ಹರಿದ ರಬ್ಬರು, ಎಲ್ಲ ಹೇಳಿದೆ. ಸಾಲಿನವರು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು. ನರ್ಸಮ್ಮ ನಗಲಿಲ್ಲ.

'ಅರೆ ಅಲ್ಲಾ! ತೊಗಲು ಬೇರೆ, ರಬ್ಬರು ಬೇರೆ ಬೇಟಿ. ಎಣ್ಣೆ ತಾಕಿದ್ರೆ ರಬ್ಬರು ಸತ್ತಂಗೆ. ಹರಳೆಣ್ಣೆ, ಕೊಬ್ರಿ ಎಣ್ಣೆ, ಬೆಣ್ಣೆ, ತುಪ್ಪ, ಯಾವ್ದೂ ಬೇಡ.'

ಅವರು ಬಸಿರಿಯರ ಒಳಪರೀಕ್ಷೆ ಮಾಡುವಾಗ ಬಳಸುವ ಜೆಲ್ಲಿಯ ಟ್ಯೂಬನ್ನು ಒತ್ತಿ ನನ್ನ ಅಂಗೈಗೆ ಒಂದಿಷ್ಟು ಹಾಕಿದರು. ತಣ್ಣಗೆ, ಲೋಳೆಸರದ ಒಳಗಿನ ತಿರುಳಿನ ಹಾಗಿತ್ತು. ನಲ್ಲಿಯಲ್ಲಿ ತೊಳೆದು ಬಾ ಎಂದರು. ಒಂದು ಚೊಂಬಿನಷ್ಟು ನೀರಿಗೆ ಪೂರ್ತಿ ಹೋಯಿತು.

'ಸೋಪಿಲ್ದೆ ಸೀಗೆಪುಡಿ ಇಲ್ದೆ ಹೋಯ್ತಲ್ಲ? ಅಂಥದ್ದೇ ಆಗಬೇಕು. ಜಿಡ್ಡು ಉಳಿದ್ರೆ ರಬ್ಬರಿನ ಜೊತೆ ಬೇಡ. ನಡುವೆ ಒಣಗಿದ್ರೆ ಮತ್ತೆ ಹಚ್ಕೊ. ಅದಕ್ಕೂ ನೋವಾದ್ರೆ ನಿಲ್ಸು ಅನ್ನು. ಬಾಯಿ ಇದೆಯಲ್ಲ, ಇಲ್ಲಿ ಇಷ್ಟು ಮಾತಾಡ್ತೀಯ!'

ಒಂದು ಟ್ಯೂಬು ಕೊಟ್ಟು ಕಳಿಸಿದರು. ಮನೆಗೆ ಬಂದು ಅದನ್ನು ಬಟ್ಟೆಯ ಪೆಟ್ಟಿಗೆಯಲ್ಲಿ ಬಚ್ಚಿಡಲಿಲ್ಲ. ನಡುಮನೆಯ ಗೂಡಿನಲ್ಲಿ, ಕನ್ನಡಿ ಕುಂಕುಮದ ಪಕ್ಕದಲ್ಲಿ ಇಟ್ಟೆ. ಮೂರನೆಯ ದಿನ ಅತ್ತೆಯವರು ಅದೇನೆಂದು ಕೇಳಿದರು. ಮುಚ್ಚಿಡದೆ ಹೇಳಿದೆ.

'ಮೂರೂ ಬಿಟ್ಟೋರು ಊರಿಗೆ ದೊಡ್ಡೋರು ಅನ್ನೋದು ನಿನ್ನ ನೋಡೇಯ! ಒಂಬತ್ತು ಹೆತ್ತಿವ್ನಿ, ಇಂಥದ್ದು ಕಂಡಿರ್ಲಿಲ್ಲ. ತಗಂಡೋಗಿ ತಿಪ್ಪೆಗೆ ಎಸಿ.'

'ಎಸೆಯಾಕಿಲ್ಲ ಅತ್ತೆ. ನಾನು ಸತ್ರೆ ನಿಮ್ ಮಗನಿಗೆ ಇನ್ನೊಬ್ಳನ್ನ ತರ್ತೀರಿ. ಈ ಎರಡು ಮಕ್ಕಳಿಗೆ ತಾಯಿನ ಎಲ್ಲಿಂದ ತರ್ತೀರಿ?'

ಅವತ್ತಿನಿಂದ ಅತ್ತೆಯವರು ದಿನಾ ಸಂಜೆ ದೀಪ ಹಚ್ಚುವ ಮುಂಚೆ ಟ್ಯೂಬಿನ ಮೇಲೊಂದು ಬಟ್ಟೆ ಹೊದಿಸುತ್ತಿದ್ದರು. ಬೆಳಗಾದರೆ ನಾನು ಬಟ್ಟೆ ತೆಗೆದು ಮಡಿಸಿಡುತ್ತಿದ್ದೆ. ಖಾಲಿಯಾದಾಗಲೆಲ್ಲ ಮಧುಗಿರಿಗೆ ಹೋಗಿ ಇನ್ನೊಂದು ತಂದು ಅದೇ ಜಾಗದಲ್ಲಿ ಇಟ್ಟೆ. ಉರಿ ಹೋಯಿತು, ರಬ್ಬರು ಮತ್ತೆ ಹರಿಯಲಿಲ್ಲ. ನನಗೆ ಮೂರನೆಯದು ಆಗಲಿಲ್ಲ.

ಎರಡು ವರ್ಷದ ಮೇಲೆ ಕೊಡಿಗೇನಹಳ್ಳಿಗೆ ಕೊಟ್ಟಿದ್ದ ನಾದಿನಿ ಬಾಣಂತನಕ್ಕೆ ಬಂದಳು. ಗಂಡನ ಮನೆಗೆ ಹೊರಡುವ ವಾರ ಅವಳ ಕೂಸನ್ನು ತೋರಿಸಲು ಅತ್ತೆ, ನಾದಿನಿ, ನಾನು ಮೂವರೂ ಅದೇ ಆಸ್ಪತ್ರೆಗೆ ಹೋದೆವು. ಅದೇ ಜಗಲಿ, ಅಷ್ಟೇ ಉದ್ದದ ಸಾಲು. ನರ್ಸಮ್ಮ ಕೂಸನ್ನು ನೋಡಿ ಮುಗಿಸಿದ್ದರು. ಅತ್ತೆಯವರು ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಮುಂದೆ ಬಂದರು.

'ನನ್ ಮಗ್ಳಿಗೂ ಒಂದು ಟ್ಯೂಬು ಕೊಡಮ್ಮ. ನೀರಲ್ಲಿ ತೊಳುದ್ರೆ ಹೋಗೋದು. ಎಣ್ಣೆದು ಬ್ಯಾಡ.'

ನಾದಿನಿ ತಲೆ ತಗ್ಗಿಸಿದಳು. ಹಿಂದಿನ ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡರು. ಅತ್ತೆಯವರು ಗಕ್ಕನೆ ತಿರುಗಿದರು.

'ಯಾಕ್ರೇ ನಗ್ತೀರಿ? ಒಂಬತ್ತು ಹೆತ್ತಿವ್ನಿ. ನೋಯ್ತದಾ ಅಂತ ಒಂದಿನಾನೂ ಯಾರೂ ಕೇಳ್ಲಿಲ್ಲ ನನ್ನ.'