ಮೈಕಿನ ಗುಂಡಿ ಮತ್ತು ನೀಲಕವಚದ ಮೂರನೆಯ ಭಾಗ

ನೀಲಕವಚ ಕೊನೆಗೆ ಮಾಡಿದ್ದು ಸರಿಯೋ ತಪ್ಪೋ ಎಂದು ನಾನು ಮಾಡಿದ ವಾದವನ್ನು ಆ ದಿನ ಗಂಗೊಳ್ಳಿಯ ಎದುರಿಗಿದ್ದ ಅಷ್ಟೂ ಬೋಟಿನವರು ಕೇಳಿದ್ದಾರೆ. ನನ್ನ ಮಾತನ್ನು ಅಷ್ಟು ಜನ ಒಟ್ಟಿಗೆ ಕೇಳಿದ್ದು ಜೀವನದಲ್ಲಿ ಅದೊಂದೇ ಸಲ. ಮನೆಯಲ್ಲಿ ಹೆಂಡತಿಯೂ ಅಷ್ಟು ಹೊತ್ತು ಕೇಳಿದವಳಲ್ಲ. ಆದರೆ ಕೇಳಬಾರದವನು ಒಬ್ಬನಿದ್ದ.

ನನ್ನ ಹೆಸರು ಪದ್ದು. ಬಂದರಿನ ಪಕ್ಕದ ಐಸ್ ಪ್ಲಾಂಟಿನಲ್ಲಿ ಆಫೀಸು ನೋಡಿಕೊಳ್ಳುತ್ತೇನೆ. ಆಫೀಸು ಎಂದರೆ ಒಂದು ಮೇಜು, ಒಂದು ಫ್ಯಾನು, ಬೋಟಿನವರ ಜೊತೆ ಮಾತಾಡುವ ಒಂದು ವಯರ್‌ಲೆಸ್ ಸೆಟ್ಟು ಮತ್ತು ನಾನು. ವಾಪಸು ಬರುವ ಬೋಟು ಎಷ್ಟು ಗಂಟೆಗೆ ಮುಟ್ಟುತ್ತದೆ, ಎಷ್ಟು ಐಸು ಬೇಕು ಎಂದು ಕೇಳಿ ಪುಡಿ ಮಾಡಿಸಿ ಇಡುವುದು ನನ್ನ ಕೆಲಸ. ಅಪ್ಪ ಸಮುದ್ರಕ್ಕೆ ಹೋದವರು, ಅಜ್ಜ ಹೋದವರು, ಅಜ್ಜನ ಅಪ್ಪ ಸಣ್ಣ ದೋಣಿಯಲ್ಲಿ ಹೋದವರು. ನಮ್ಮ ಮನೆಯಲ್ಲಿ ನೀರನ್ನು ಐಸು ಮಾಡಿ ದೂರದಿಂದ ನೋಡುವ ಮೊದಲ ಗಂಡಸು ನಾನೇ.

ನಾನೂ ಒಮ್ಮೆ ಹೋಗಿದ್ದೆ, ಇಪ್ಪತ್ತನೇ ವಯಸ್ಸಿನಲ್ಲಿ. ಹತ್ತು ದಿನದ ಟ್ರಿಪ್ಪು. ಮೂರು ದಿನ ವಾಂತಿ ಮಾಡಿದೆ, ನಾಲ್ಕನೇ ದಿನ ಅಮ್ಮನನ್ನು ಕರೆದು ಅತ್ತೆ. ನಾನು ಬಗ್ಗಿದಾಗಲೆಲ್ಲ ಹಿಂದಿನಿಂದ ನನ್ನ ಚಡ್ಡಿಯ ಪಟ್ಟಿ ಹಿಡಿದು, ನೀರಿಗೆ ಬೀಳದ ಹಾಗೆ ನೋಡಿಕೊಂಡವನು ನನ್ನ ಗೆಳೆಯ ಗುಡ್ಡ. ಒಂದೇ ಬೆಂಚಿನಲ್ಲಿ ಕೂತು ಶಾಲೆ ಕಲಿತವರು ನಾವು. ದಡಕ್ಕೆ ಬಂದ ಮೇಲೆ, ‘ಪದ್ದುಗೆ ಜೋರ್ ಜ್ವರ ಬಂದಿತ್, ಪಾಪ’ ಎಂದು ಊರಿಗೆಲ್ಲ ಹೇಳಿದವನೂ ಅವನೇ. ಹದಿನೆಂಟು ವರ್ಷ ಆಯಿತು, ಅತ್ತ ವಿಷಯ ಅವನ ಬಾಯಿಂದ ಹೊರಗೆ ಬಂದಿಲ್ಲ. ಇವತ್ತು ನಾನೇ ಹೇಳುತ್ತಿದ್ದೇನೆ, ನನ್ನ ಬಾಯಿಗೆ ಬೀಗ ಇಲ್ಲ ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

‘ನೀಲಕವಚ’ದ ಮೊದಲನೇ ಭಾಗವನ್ನು ನಾವಿಬ್ಬರೂ ಕುಂದಾಪುರದಲ್ಲಿ ಒಟ್ಟಿಗೆ ನೋಡಿದೆವು. ಭೂಮಿಯ ಬಿರುಕಿನಿಂದ ಮೇಲೆ ಬರುವ ಭಸ್ಮಕ ಎಂಬ ರಾಕ್ಷಸ, ನೀಲಿ ಕವಚ ತೊಟ್ಟು ಅವನನ್ನು ತಡೆಯುವ ಹೀರೋ, ಕವಚವಿಲ್ಲದೆ ಅವನ ಬೆನ್ನಿಗೆ ನಿಲ್ಲುವ ಗೆಳೆಯ. ಎರಡನೇ ಭಾಗವನ್ನೂ ಒಟ್ಟಿಗೇ ನೋಡಿದೆವು. ಆ ಹೊತ್ತಿಗೆ ಇಬ್ಬರಿಗೂ ಮದುವೆಯಾಗಿ, ತಲೆಯ ಮುಂಭಾಗದಲ್ಲಿ ಕೂದಲು ಕಡಿಮೆಯಾಗಿತ್ತು. ಆದರೂ ಥಿಯೇಟರಿನಿಂದ ಹೊರಗೆ ಬರುವಾಗ ಯಾರು ನೀಲಕವಚ, ಯಾರು ಗೆಳೆಯ ಎಂದು ಜಗಳವಾಡಿದೆವು. ಪ್ರತಿ ಸಲವೂ ನಾನೇ ನೀಲಕವಚ. ಬಸ್ಸಿನಲ್ಲಿ ಕೂತರೆ ಹೊಟ್ಟೆ ತೊಳಸುವವನು ನಾನು, ಆದರೂ ನಾನೇ.

ಮೂರನೆಯದು, ಕೊನೆಯದು, ಕಳೆದ ಡಿಸೆಂಬರಿನ ಒಂದು ಶುಕ್ರವಾರ ಬಿಡುಗಡೆ ಎಂದಾಯಿತು. ಗುಡ್ಡನ ಬೋಟು ಅದಕ್ಕಿಂತ ಎರಡು ದಿನ ಮೊದಲು ಹೊರಟಿತು. ಬೋಟಿನ ನಾಯಕ, ಅಂದರೆ ತಂಡೇಲ, ಕರಿಯಣ್ಣ. ಮೀನು ಸಿಗುವ ಹೊತ್ತಿನಲ್ಲಿ ಸಿನಿಮಾ ಎಂದರೆ ಹಗ್ಗ ಹಿಡಿದು ಹೊಡೆಯುವ ಜನ. ಬೋಟಿನ ಹೊಟ್ಟೆಗೆ ಐಸು ತುಂಬಿಸುತ್ತಿದ್ದಾಗ ಗುಡ್ಡ ನನ್ನ ಹತ್ತಿರ ಬಂದ.

“ಹ್ವಾಯ್ ಪದ್ದು, ನಾ ಬಪ್ಪು ತನ್ಕ ಕಾಯ್ತ್ಯಾ?”

“ನೀನಿಲ್ದೆ ನಾ ಕಾಂತಿಲ್ಲೆ ಮಾರಾಯ. ಇಬ್ರೂ ಒಟ್ಟಿಗೇ ಕಾಂಬ.”

“ಮಾತ್?”

“ಮಾತ್.”

ಒಟ್ಟಿಗೇ ನೋಡುವುದು ಎಂಬ ಮಾತಿಗೆ ಅವನು ಐಸು ಮುಟ್ಟಿ ತಣ್ಣಗಾದ ಕೈ ಚಾಚಿದ, ನಾನು ಹಿಡಿದೆ. ಅದು ಬುಧವಾರ. ಭಾನುವಾರ ನಾನು ಸಿನಿಮಾ ನೋಡಿ ಆಗಿತ್ತು.

ಹೇಗೆ ಎಂದು ಕೇಳಬೇಡಿ. ಮಿಕ್ಸಿಯ ಜಾರು ರಿಪೇರಿಗೆ ಕೊಡಲು ಕುಂದಾಪುರಕ್ಕೆ ಹೋಗಿದ್ದೆ. ಜಾರು ರಿಪೇರಿಯವನು ಮೂರು ಗಂಟೆ ಬಿಟ್ಟು ಬನ್ನಿ ಎಂದ. ಸಿನಿಮಾದ ಉದ್ದ ಎರಡು ಗಂಟೆ ಐವತ್ತು ನಿಮಿಷ. ದೇವರೇ ಲೆಕ್ಕ ಹಾಕಿ ಕೊಟ್ಟ ಹಾಗಿದ್ದರೆ ನಾನೇನು ಮಾಡಲಿ? ಸುಮ್ಮನೆ ಪೋಸ್ಟರ್ ನೋಡಿ ಬರುತ್ತೇನೆ ಎಂದುಕೊಂಡೇ ಹೋದೆ. ಒಳಗೆ ಕೂತ ಮೇಲೂ ಇಂಟರ್ವಲ್ಲಿಗೆ ಎದ್ದು ಬಿಡುತ್ತೇನೆ ಎಂದುಕೊಂಡೇ ಕೂತಿದ್ದೆ. ಇಂಟರ್ವಲ್ಲಿಗೆ ಎದ್ದೆ ಕೂಡ, ಪಾಪ್‌ಕಾರ್ನ್ ತರಲು. ಅಲ್ಲಿ ಸಿಕ್ಕಿದವಳು ವಿನಯಾ.

ವಿನಯಾ ನಮ್ಮ ಪ್ಲಾಂಟಿನ ಪಕ್ಕದ ಡೀಸೆಲ್ ಬಂಕಿನಲ್ಲಿ ಬಿಲ್ಲು ಬರೆಯುವವಳು. ನನಗಿಂತ ಹತ್ತು ಹನ್ನೆರಡು ವರ್ಷ ಸಣ್ಣವಳು, ನಾಲಿಗೆ ಮಾತ್ರ ನನಗಿಂತ ಹಿರಿಯದು. “ಏನ್ ಪದ್ದಣ್ಣ, ಗುಡ್ಡಣ್ಣ ಬಂದ್ರಾ?” ಎಂದಳು. ನಾನು ಪಾಪ್‌ಕಾರ್ನಿನ ಪೊಟ್ಟಣದೊಳಗೆ ಮುಖ ಹಾಕಿದೆ.

ಇನ್ನು ವಯರ್‌ಲೆಸ್ಸಿನ ವಿಷಯ. ಅದರ ಮೈಕಿನ ಬದಿಗೆ ಒಂದು ಗುಂಡಿ ಇದೆ. ಒತ್ತಿದರೆ ನಮ್ಮ ಮಾತು ಎಲ್ಲ ಬೋಟಿಗೂ ಹೋಗುತ್ತದೆ, ಬಿಟ್ಟರೆ ಅವರ ಮಾತು ನಮಗೆ ಬರುತ್ತದೆ. ಒತ್ತಿಕೊಂಡಷ್ಟು ಹೊತ್ತು ಅತ್ತ ಕಡೆಯವರು ಗಂಟಲು ಹರಿದುಕೊಂಡರೂ ನಮಗೆ ಕೇಳುವುದಿಲ್ಲ. ಮೈಕು ನೇತುಹಾಕುವ ಕೊಕ್ಕೆ ಮುರಿದು ಒಂದು ವಾರವಾಗಿತ್ತು. ಹೊಸದು ತರಿಸಿ ಎಂದು ಧಣಿಗೆ ಹೇಳಬಹುದಿತ್ತು. ಆದರೆ ನನಗೆ ನನ್ನ ಕೈಗುಣದ ಮೇಲೆ ಭಾರಿ ನಂಬಿಕೆ. ಹಳೆಯ ಸೈಕಲ್ ಟ್ಯೂಬನ್ನು ಉಂಗುರದ ಹಾಗೆ ಕತ್ತರಿಸಿ, ಮೈಕನ್ನು ಸೆಟ್ಟಿನ ಬದಿಗೆ ಎರಡು ಸುತ್ತು ಬಿಗಿದು ಸಿಕ್ಕಿಸಿ ಇಡುತ್ತಿದ್ದೆ. ಚಂದ ನಿಲ್ಲುತ್ತಿತ್ತು. ಬಂದವರಿಗೆಲ್ಲ ತೋರಿಸಿದ್ದೆ.

ಮರು ಗುರುವಾರ ಮಧ್ಯಾಹ್ನ ಕರಿಯಣ್ಣನ ಬೋಟು ನಮ್ಮ ಸೆಟ್ಟಿಗೆ ಸಿಗುವಷ್ಟು ಹತ್ತಿರ ಬಂದಿತ್ತು. ಶನಿವಾರ ಬೆಳಿಗ್ಗೆ ಮುಟ್ಟುತ್ತೇವೆ, ಐಸು ತಯಾರಿರಲಿ ಎಂದರು. ಆಯಿತು ಎಂದು ಹೇಳಿ ಮೈಕನ್ನು ಟ್ಯೂಬಿಗೆ ಸಿಕ್ಕಿಸಿದೆ. ಈ ಸಲ ಟ್ಯೂಬು ಸರಿಯಾಗಿ ಗುಂಡಿಯ ಮೇಲೇ ಕೂತಿತು. ನನಗೆ ಗೊತ್ತಾಗಲಿಲ್ಲ. ಊಟ ಮುಗಿಸಿದ ವಿನಯಾ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತು, “ಅದಲ್ಲ ಪದ್ದಣ್ಣ, ನೀಲಕವಚ ಮಾಡಿದ್ದೇ ಸರಿ” ಎಂದಳು.

ಸಿನಿಮಾದ ಕೊನೆ ಹೀಗೆ. ಬಿರುಕನ್ನು ಒಳಗಿನಿಂದಲೇ ಮುಚ್ಚಬೇಕು, ಮುಚ್ಚಿದವನು ವಾಪಸು ಬರುವಂತಿಲ್ಲ. ಇಬ್ಬರೂ ಒಟ್ಟಿಗೇ ಇಳಿಯುವುದು ಎಂದು ನೀಲಕವಚ ಗೆಳೆಯನಿಗೆ ಮಾತು ಕೊಟ್ಟಿರುತ್ತಾನೆ. ಬೆಳಿಗ್ಗೆ ಗೆಳೆಯ ಬಂದು ನೋಡಿದರೆ ಇವನು ಒಬ್ಬನೇ ಇಳಿದುಬಿಟ್ಟಿರುತ್ತಾನೆ. ಬಿರುಕಿನ ಬಾಯಲ್ಲಿ ಕವಚದ ನೀಲಿ ಬೆಳಕು ಮೂರು ಸಲ ಮಿನುಗಿ ಆರುತ್ತದೆ. ಅಷ್ಟೆ.

“ಎಂತ ಸರಿ? ಮಾತ್ ಕೊಟ್ಟ್ ಆಯ್ತಲ್ಲ” ಎಂದೆ ನಾನು.

“ಗೆಳೆಯನ ಜೀವ ಉಳೀತಲ್ದಾ?”

“ಜೀವ ಉಳ್ದ್ರೆ ಆಯ್ತಾ? ಅಂವ ಅಲ್ಲ್ ಬಂದ್ ಕಾಯ್ತಾ ಇದ್ದ. ಕಾಯುವನ ಬಿಟ್ಟ್ ಒಬ್ನೇ ಹೋಪುದ್ ಅಂದ್ರೆ ಎಂತದ್? ಲೋಕ ಮುಳ್ಗಿ ಹೋಯ್ಲಿ, ಗೆಳೆಯಂಗ್ ಕೊಟ್ಟ ಮಾತ್ ದೊಡ್ಡದ್. ಮಾತ್ ತಪ್ಪಿದನ್ ಎಂತ ಹೀರೋ?”

ನನಗೆ ಆವೇಶ ಬಂದಿತ್ತು. ಎದ್ದು ನಿಂತೆ, ಮೇಜು ಗುದ್ದಿದೆ. ಸ್ನೇಹ ಎಂದರೇನು ಎಂಬುದರ ಮೇಲೆ ಹತ್ತು ನಿಮಿಷ ಭಾಷಣ ಬಿಗಿದೆ. ಅವಳು ಒಂದು ಹೇಳಿದರೆ ನಾನು ನಾಲ್ಕು ಹೇಳಿದೆ. ಬೆಳಕು ಮೂರು ಸಲ ಮಿನುಗಿದ್ದು ಸಾಯುವ ಮೊದಲು ಗೆಳೆಯನಲ್ಲಿ ಕೇಳಿದ ಕ್ಷಮೆ ಎಂದು ಅವಳು, ಕ್ಷಮೆಯೂ ಇಲ್ಲ ಮಣ್ಣೂ ಇಲ್ಲ, ಬ್ಯಾಟರಿ ಮುಗಿದದ್ದು ಎಂದು ನಾನು. ಕೊನೆಗೆ ಅವಳು ಕೈಕಟ್ಟಿ ನನ್ನನ್ನೇ ನೋಡಿದಳು.

“ಅಲ್ಲ ಪದ್ದಣ್ಣ, ನೀವ್ ಗುಡ್ಡಣ್ಣಂಗೆ ಎಂತ ಮಾತ್ ಕೊಟ್ಟಿದ್ರಿ?”

ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ. “ಅದ್ ಬೇರೆ” ಎಂದೆ. “ಅಂವಂಗೆ ಗೊತ್ತಾಪ್ದ್ ಹ್ಯಾಂಗೆ? ಅಂವ ಸಮುದ್ರದಗಿದ್ದ. ಬಂದ್ಮೇಲೆ ಇನ್ನೊಂದ್ಸಲ ಒಟ್ಟಿಗ್ ಹೋಪುದ್. ಬೆಳ್ಕ್ ಮಿನ್ಗುವತಿಗೆ ಬಾಯಿ ಕಳ್ದ್ ಕೂಕಂಡ್ರೆ ಆಯ್ತ್, ಮೊದ್ಲ್ ಸಲ ಕಂಡಾಂಗೆ. ಗುಡ್ಡ ಪಾಪದನ್, ಹೇಳ್ದ್ದೆಲ್ಲ ನಂಬ್ತ.”

ಆಗ ಮೊಬೈಲು ರಿಂಗಾಯಿತು. ಮರವಂತೆಯ ಎದುರು ಸಣ್ಣ ಬೋಟಿನಲ್ಲಿ ಬಲೆ ಬಿಟ್ಟು ಕೂತಿದ್ದ ಸೂರಣ್ಣ. ದಡಕ್ಕೆ ಹತ್ತಿರವಿದ್ದದ್ದರಿಂದ ಅವರಿಗೊಬ್ಬರಿಗೆ ಫೋನು ಸಿಕ್ಕಿತ್ತು.

“ಹ್ವಾಯ್ ಪದ್ದು, ಮೈಕಿನ್ ಗುಂಡಿ ಬಿಡ್ ಮಾರಾಯ. ಅರ್ಧ ಗಂಟೆ ಆಯ್ತ್, ಎಲ್ಲ ಬೋಟಿನರೂ ಬೊಬ್ಬೆ ಹೊಡಿತಿದ್ರ್, ನಿಂಗ್ ಕೇಂತಿಲ್ಲೆ.” ಸ್ವಲ್ಪ ತಡೆದು ಹೇಳಿದರು, “ಅದಿರ್ಲಿ, ಆ ನೀಲಕವಚ ಸತ್ನಾ, ಇಲ್ಯಾ? ಅದೊಂದ್ ಸರಿ ಗೊತ್ತಾಯ್ಲಿಲ್ಲೆ.”

ಟ್ಯೂಬು ಎಳೆದು ತೆಗೆದೆ. ಸೆಟ್ಟಿನಿಂದ ಒಮ್ಮೆಲೇ ಜಾತ್ರೆ ಹೊರಗೆ ಬಂತು. ಒಂದು ಬೋಟಿನವರು ಹುಡುಗಿ ಹೇಳಿದ್ದೇ ಸರಿ ಎನ್ನುತ್ತಿದ್ದರು. ಇನ್ನೊಂದು ಬೋಟಿನವರು ಪದ್ದು ಹೇಳಿದ್ದರಲ್ಲಿ ನ್ಯಾಯ ಇದೆ, ಆದರೆ ಪದ್ದುವಿನಲ್ಲಿ ಇಲ್ಲ ಎನ್ನುತ್ತಿದ್ದರು. ಸಿನಿಮಾದ ಮುಖ ನೋಡದ ಮುದುಕರೂ ಪಕ್ಷ ಹಿಡಿದಿದ್ದರು. ಕರಿಯಣ್ಣನ ಬೋಟಿನಿಂದ ಮಾತ್ರ ಸದ್ದಿಲ್ಲ.

ಗುಂಡಿ ಒತ್ತಿ ಕರೆದೆ. “ಕರಿಯಣ್ಣ, ಗುಡ್ಡ ಎಲ್ಲಿದ್ದ?”

ಬಹಳ ಹೊತ್ತಿನ ಮೇಲೆ ಉತ್ತರ ಬಂತು. “ಕೆಳಗೆ ಐಸಿನ್ ಕೋಣಿಯಗ್ ಮೀನ್ ಜೋಡಿಸ್ತಿದ್ದ. ಅಂವಂಗೆ ಎಂತ ಕೇಂಡಿಲ್ಲೆ.”

ನನಗೆ ಹೋದ ಜೀವ ಬಂದ ಹಾಗಾಯಿತು. ಬೋಟಿನ ಇಂಜಿನ್ ಸದ್ದಿನಲ್ಲಿ ಕೆಳಗಿದ್ದವನಿಗೆ ಕೇಳುವುದಾದರೂ ಹೇಗೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಎರಡು ರಾತ್ರಿ ನಿದ್ದೆ ಬರಲಿಲ್ಲ. ಸಿನಿಮಾದ ಕೊನೆ ಗೊತ್ತಾದರೆ ಬೈದು ಬಿಡುತ್ತಾನೆ, ಅದಕ್ಕೆ ಹೆದರಿಕೆ ಇಲ್ಲ. ‘ಪಾಪದನ್, ಹೇಳ್ದ್ದೆಲ್ಲ ನಂಬ್ತ’ ಎಂದ ಮಾತು ಅವನ ಕಿವಿಗೆ ಬಿದ್ದಿದ್ದರೆ ನಾನು ಇನ್ನು ಯಾರ ಮುಖ ನೋಡಲಿ? ನನ್ನ ಚಡ್ಡಿ ಹಿಡಿದು ಕಾದವನು ಅವನು.

ಶನಿವಾರ ಬೋಟು ಬಂತು. ಬೋಟಿನ ಕೆಲಸದ ಕಲಾಸಿಗಳು ಒಬ್ಬೊಬ್ಬರೇ ನನ್ನನ್ನು ನೋಡಿ ನಕ್ಕು, ಬೇರೆ ಕಡೆ ತಿರುಗಿದರು. ಗುಡ್ಡ ಬಂದವನೇ ಹೆಗಲಿಗೆ ಕೈ ಹಾಕಿದ. ಬಿಸಿಲಿಗೆ ಮುಖ ಕಪ್ಪಾಗಿತ್ತು, ಬೆರಳುಗಳಲ್ಲಿ ಬಲೆಯ ಗಾಯ.

“ಕಾಯ್ದ್ಯಾ?”

“ಮತ್ತೆ? ನಿನ್ನ ಬಿಟ್ಟ್ ಕಾಂತ್ನಾ?” ಎಂದೆ. ಇಷ್ಟು ಹೇಳುವಾಗ ನನ್ನ ಧ್ವನಿ ಸ್ವಲ್ಪವೂ ಅಲುಗಲಿಲ್ಲ. ಅಂಥ ಮನುಷ್ಯ ನಾನು.

“ಹಾಂಗಾರೆ ನಾಳೆ ಮ್ಯಾಟ್ನಿಗೆ ಹೋಪ” ಎಂದ. ಮನೆಗೆ ಹೋಗಿ ಮಲಗುವ ಮೊದಲೇ ಎರಡು ಟಿಕೆಟು ಬುಕ್ ಮಾಡಿದ.

ಭಾನುವಾರ ನಾನು ಮಾಡಿದ ನಟನೆಗೆ ಬೇರೆ ಕಡೆಯಾಗಿದ್ದರೆ ಶಾಲು ಹೊದಿಸುತ್ತಿದ್ದರು. ಟೈಟಲ್ಲಿಗೇ ‘ಅಬ್ಬ’ ಎಂದೆ. ಭಸ್ಮಕ ಬಂದಾಗ ಅವನ ತೋಳು ಹಿಡಿದು ಬೆಚ್ಚಿದೆ. ಬೆಚ್ಚಿದ್ದು ಸ್ವಲ್ಪ ಬೇಗ ಆಯಿತು, ಭಸ್ಮಕ ಇನ್ನೂ ಬಂದಿರಲಿಲ್ಲ. ಗುಡ್ಡ ತೋಳು ಬಿಡಿಸಿಕೊಳ್ಳದೆ ಪರದೆ ನೋಡುತ್ತಿದ್ದ. ಇಂಟರ್ವಲ್ಲಿನಲ್ಲಿ ಪಾಪ್‌ಕಾರ್ನ್ ತಿನ್ನುತ್ತಾ ಕೇಳಿದ, “ಮುಂದೆ ಎಂತ ಆತ್ತ್ ಕಾಂತ್ ನಿಂಗೆ?”

“ಇಬ್ರೂ ಒಟ್ಟಿಗ್ ಇಳಿತ್ರ್ ಕಾಂತ್” ಎಂದೆ, ಬಹಳ ಯೋಚನೆ ಮಾಡಿದವನ ಹಾಗೆ.

“ನಂಗೂ ಹಾಂಗೇ ಕಾಂತ್” ಎಂದ ಅವನು.

ಕೊನೆಯ ದೃಶ್ಯ ಬಂತು. ಬೆಳಗಿನ ಮಂಜು, ಬಿರುಕಿನ ದಂಡೆಯಲ್ಲಿ ಗೆಳೆಯ ಒಬ್ಬನೇ ನಿಂತಿದ್ದಾನೆ. ನಾನು ನನ್ನ ಮುಖ್ಯ ಅಭಿನಯಕ್ಕೆ ತಯಾರಾಗುತ್ತಿದ್ದೆ. ಆಗ ಗುಡ್ಡ ಪರದೆಯಿಂದ ಕಣ್ಣು ತೆಗೆಯದೆ, ನನ್ನ ಕಿವಿಯ ಹತ್ತಿರ ಬಗ್ಗಿ, ಸಣ್ಣ ಧ್ವನಿಯಲ್ಲಿ ಹೇಳಿದ.

“ಪದ್ದು, ಈಗ ಬೆಳ್ಕ್ ಮಿನ್ಗತ್ತ್. ಬಾಯಿ ಕಳಿ.”

ಬೆಳಕು ಮಿನುಗಿತು. ಒಮ್ಮೆ, ಎರಡು ಸಲ, ಮೂರು ಸಲ. ನನ್ನ ಬಾಯಿ ತನ್ನಷ್ಟಕ್ಕೇ ತೆರೆದುಕೊಂಡಿತು, ಮುಚ್ಚಲು ಆಗಲಿಲ್ಲ.

ದೀಪ ಹತ್ತಿತು, ಜನ ಎದ್ದರು. ನಾವು ಕೂತೇ ಇದ್ದೆವು.

“ಎಲ್ಲ ಕೇಂಡಿದ್ಯಾ?” ಎಂದೆ.

“ಕೇಂಡಿದೆ. ಕರಿಯಣ್ಣನ ಹತ್ರ ನಾನೇ ಸುಳ್ಳ್ ಹೇಳ್ಸಿದ್.”

“ಮತ್ತೆ ಎಂತಕ್ ಕರ್ಕಂಡ್ ಬಂದೆ?”

ಗುಡ್ಡ ಕೆಳಗೆ ಬಿದ್ದ ಪಾಪ್‌ಕಾರ್ನ್ ಪೊಟ್ಟಣವನ್ನು ಎತ್ತಿ ಮಡಚಿದ. “ಇಬ್ರೂ ಒಟ್ಟಿಗೇ ಕಾಂಬ ಅಂದ್ ಆ ದಿನ ನಾನೂ ಮಾತ್ ಕೊಟ್ಟಿದೆ ಅಲ್ದಾ” ಎಂದ.

ಬಸ್ಸಿನಲ್ಲಿ ಅವನೇ ನನ್ನನ್ನು ಕಿಟಕಿಯ ಬದಿಗೆ ಕೂರಿಸಿದ, ನನಗೆ ಹೊಟ್ಟೆ ತೊಳಸುತ್ತದೆ ಎಂದು. ತ್ರಾಸಿಯ ತಿರುವು ದಾಟಿದ ಮೇಲೆ, ಈ ಸಲ ಯಾರು ನೀಲಕವಚ ಎಂದು ಕೇಳಿದ. ನೀನು ಎಂದೆ.

“ಬ್ಯಾಡ ಮಾರಾಯ” ಎಂದ ಗುಡ್ಡ. “ಅಂವ ಮಾತ್ ತಪ್ಪಿದನ್. ನೀನೇ ಇಟ್ಕೊ.”