ಅಕ್ಷರ ದೊಡ್ಡದಾಗುವ ಅಂಗಡಿ

ಅತ್ತೆ, ಆ ಕಾದಂಬರಿ ಸರಿಯಾಗಿ ಸಿಗುವ ಅಂಗಡಿ ಯಾವುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೇರೆ ಅಂಗಡಿಯಿಂದ ಕೊಂಡೆ — ನಿಮ್ಮಿಂದ ಓದಲಾಗದ ಪ್ರತಿಯನ್ನು, ಬೇಕೆಂದೇ.

ಅಂಕೋಲೆಯ ಗದ್ದೆ ಮನೆಯಿಂದ ಕೋಡಿಬಾಗದ ಈ ಮನೆಗೆ ಬಂದಾಗ ನನಗೆ ಕೊಂಕಣಿ ಬರುತ್ತಿರಲಿಲ್ಲ. ಅರೆಬರೆ ಕೊಂಕಣಿಯಲ್ಲಿ ಬಾಯಿ ತೆರೆದರೆ ಎಲ್ಲರೂ ನಗುವವರೇ. ನಿಮ್ಮ ತಮ್ಮಂದಿರು ಬಂದಾಗಲಂತೂ, "ಮಾತಾಡ್ಸೇ ನಿನ್ನ ಸೊಸೆನ, ಊಟ ಕರಗ್ಲಿ" ಎನ್ನುತ್ತಿದ್ದರು. ಬೈಗುಳವಲ್ಲ, ತಮಾಷೆಯೇ. ಆದರೂ ನಾನು ಮೂಕಿಯಾದೆ. ಆಮೇಲೆ ನಿಮ್ಮ ಕಣ್ಣು ಮಂಜಾಯಿತು. ನೀವು ಕನ್ನಡ ಶಾಲೆಯಲ್ಲಿ ಓದಿದವರು, ಕಾದಂಬರಿಯಿಲ್ಲದೆ ಊಟ ಸೇರದವರು. ಒಂದು ಮಧ್ಯಾಹ್ನ ಗ್ರಂಥಾಲಯದ ಕನ್ನಡ ಪುಸ್ತಕವನ್ನು ನನ್ನ ಕೈಗಿತ್ತು, "ನೀ ಓದೇ" ಎಂದಿರಿ. ಓದಿದೆ. ಈ ಮನೆಯಲ್ಲಿ ಮೊದಲ ಸಲ ನನ್ನ ಮಾತಿಗೆ ಯಾರೂ ನಗಲಿಲ್ಲ — ಮಾವನವರೂ ರೇಡಿಯೋ ಸಣ್ಣ ಮಾಡಿದ್ದರು.

ಸಂಜೆ ದೀಪ ಹಚ್ಚುವಾಗ ದೇವರು ಕೊಟ್ಟದ್ದನ್ನು ನೆನೆಯುವುದು ನನ್ನ ರೂಢಿ. ಉಪ್ಪುನೀರಿನ ಹೊಳೆ ಇಷ್ಟು ಹತ್ತಿರವಿದ್ದೂ ಉಪ್ಪಾಗದ ನಮ್ಮ ಬಾವಿ. ಮಕ್ಕಳ ಆರೋಗ್ಯ. ಮತ್ತೆ, ಅಂದಿನಿಂದ ದಿನವೂ ನಿಮಗೆ ಓದಿ ಹೇಳುವ ಮಧ್ಯಾಹ್ನದ ಆ ಒಂದು ತಾಸು.

ಚೌತಿಗೆ ಕದ್ರಾದಿಂದ ಬಂದ ನಾದಿನಿ ಸುಲಭಾ ನಿಮಗೊಂದು ಟ್ಯಾಬ್ ತಂದಳು. ಕಣ್ಣಿನ ನರ ಸೊರಗುತ್ತಿದೆ, ದೊಡ್ಡ ಅಕ್ಷರವಾದರೆ ಇನ್ನೂ ಕೆಲವು ಕಾಲ ಓದಬಹುದು ಎಂದು ಡಾಕ್ಟರು ಹೇಳಿದ್ದರು. ಅತ್ತಿಗೆಯಾದ ನನಗೆ ಅವಳು ಹೇಳಿದಳು: "ವಯನಿ, ಇದ್ರಲ್ಲಿ ಪುಸ್ತಕ ಮಾರೂ ಅಂಗಡಿ ಸುಮಾರು ಇದ್ದಾವೆ. ಎಲ್ಲಾ ನೋಡಿ ಒಂದು ಆರಿಸು. ಪೇಟೆಲಿ ಬಂಗಡೆ ಮೀನಿನ ಕಿವಿರು ಎತ್ತಿ ನೋಡ್ತಿ ಅಲ್ದೇ, ಹಾಂಗೇ."

ನೀವು ಮೆಲ್ಲಗೆ ಸೇರಿಸಿದಿರಿ: "ಕೆಲವು ಸಾಲು ಹಿಂದೆ ಹೋಗಿ ಮತ್ತೆ ಓದ್ಬೇಕು ಅನಿಸ್ತದೆ. ನಿಂಗೆ ಹೇಳೂಕೆ ಸಂಕೋಚ."

ನೋಡಿದೆ. ಒಂದರಲ್ಲಿ ನಾವು ಅರ್ಧ ಓದಿದ್ದ ಆ ಕಾದಂಬರಿಯೇ ಇರಲಿಲ್ಲ. ಇನ್ನೊಂದರಲ್ಲಿ ತಿಂಗಳ ಬಾಡಿಗೆ, ಕಟ್ಟುವುದು ನಿಲ್ಲಿಸಿದರೆ ಪುಸ್ತಕವೂ ಮಾಯ. ಮೂರನೆಯದರಲ್ಲಿ ಹಳೆ ಪುಸ್ತಕದ ಪುಟಗಳನ್ನು ಫೋಟೋ ಹೊಡೆದು ಇಟ್ಟಿದ್ದರು. ಹಿಗ್ಗಿಸಿದರೆ ಅಕ್ಷರ ಕಲಸಿಹೋಗಿ, ಸಾಲು ಪರದೆಯಾಚೆ ಓಡುತ್ತಿತ್ತು. ನಾಲ್ಕನೆಯದು — ಅಲ್ಲಿ ಮೊದಲ ಅಧ್ಯಾಯ ಪುಕ್ಕಟೆ ನೋಡಲು ಕೊಟ್ಟಿದ್ದರು. ನನ್ನ ಮೊಬೈಲಿನಲ್ಲೇ ನೋಡಿದೆ. ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡದಾಗುತ್ತಿತ್ತು. ಸಾಲು ತಾನಾಗಿ ಮಡಚಿ ಕೆಳಗಿಳಿಯುತ್ತಿತ್ತು. ನಿಮಗೆಂದೇ ಮಾಡಿದ ಹಾಗೆ.

ಖುಷಿಯಾಗಬೇಕಿತ್ತು. ನನಗೆ ಹೆದರಿಕೆಯಾಯಿತು. ಇದು ಬಂದರೆ ನಾನು ಮತ್ತೆ — ಪಾತ್ರೆ ತೊಳೆಯುವ, ಬಾಯಿ ಮುಚ್ಚಿಕೊಂಡ ಸೊಸೆ.

ಮೂರನೆಯ ಅಂಗಡಿಯದನ್ನೇ ಕೊಂಡು ನಿಮ್ಮ ಮುಂದೆ ಹಿಡಿದೆ. "ಎಲ್ಲಾ ಕಡೆ ನೋಡ್ದೆ ಅತ್ತೆ. ಕನ್ನಡ ಪುಸ್ತಕ ಎಲ್ಲಾ ಹೀಂಗೇ ಅಂತೆ."

ನೀವು ಕಣ್ಣು ಕಿರಿದು ಮಾಡಿ ನೋಡಿದಿರಿ. ಆಮೇಲೆ ನನ್ನ ಕೈ ತಟ್ಟಿದಿರಿ. "ಇರ್ಲಿ ಬಿಡೇ. ನೀ ಇದ್ದಿ ಅಲ್ಲ."

ಆ ಮಾತನ್ನು ನಾನು ಪ್ರಸಾದದ ಹಾಗೆ ಸ್ವೀಕರಿಸಿದೆ, ಅತ್ತೆ. ಅವತ್ತು ಸಂಜೆ ದೀಪದ ಮುಂದೆ ಅದಕ್ಕೂ ಕೈ ಮುಗಿದೆ.

ಆಮೇಲೆ ಅಮ್ಮ ಕಾಲು ಮುರಿದುಕೊಂಡಳೆಂದು ಕೆಲವು ದಿನ ಅಂಕೋಲೆಗೆ ಹೋದೆ. ತಿರುಗಿ ಬಂದಾಗ ನೀವು ಕಿಟಕಿಯ ಹತ್ತಿರ ಟ್ಯಾಬ್ ಹಿಡಿದು ಕೂತಿದ್ದಿರಿ. ಬೆರಳಿಂದ ಸಾಲನ್ನು ಎಳೆದು, ಮತ್ತೆ ಹಿಂದಕ್ಕೆ ತಂದು, ಮುಂದಿನ ಸಾಲು ತಪ್ಪಿ, ಮತ್ತೆ ಹುಡುಕಿ... ಕಣ್ಣು ಕೆಂಪಾಗಿ ನೀರು ಸೋರುತ್ತಿತ್ತು. "ಒಂದೂವರೆ ಪುಟ ಓದ್ದೆ ಕಾಣು," ಎಂದಿರಿ, ಪರೀಕ್ಷೆ ಪಾಸಾದ ಹುಡುಗಿಯ ಹಾಗೆ.

ಆಗಲಾದರೂ ಹೇಳಬಹುದಿತ್ತು. ನಾಲ್ಕನೆಯ ಅಂಗಡಿ ಅಲ್ಲೇ ಇತ್ತು. ನಾನು ಟ್ಯಾಬನ್ನು ನಿಮ್ಮ ಕೈಯಿಂದ ತೆಗೆದು, "ಕೊಡಿ, ನಾ ಓದ್ತೆ" ಎಂದೆ.

ಎರಡು ವರ್ಷ ಕಳೆಯಿತು. ಈಗ ಪರದೆಯೆಂದರೆ ನಿಮಗೆ ಬರೀ ಬಿಳಿ ಬೆಳಕು. ಎಷ್ಟು ದೊಡ್ಡ ಅಕ್ಷರವಾದರೂ ಕಾಣುವುದಿಲ್ಲ. ನಿಮ್ಮ ಕಣ್ಣಿಗೆ ಉಳಿದಿದ್ದ ಕಾಲವನ್ನು ನಾನು ತೆಗೆದುಕೊಂಡೆ. ಅದನ್ನು ಯಾವ ದೇವರೂ ನನ್ನಿಂದ ತಿರುಗಿ ಕೊಡಿಸಲಾರ.

ನಾನೀಗ ಬರೆದಿರುವ ಇದನ್ನೂ ನೀವು ಓದಲಾರಿರಿ. ನಾನೇ ಓದಿ ಹೇಳಬೇಕು. ಊಟವಾಗಿದೆ, ನೀವು ಜಗಲಿಯಲ್ಲಿ ಕಾಯುತ್ತಿದ್ದೀರಿ. ಇವತ್ತು ಕಾದಂಬರಿಯ ಬದಲು ಇದನ್ನು ಓದುತ್ತೇನೆ, ಒಂದು ಸಾಲನ್ನೂ ಹಾರಿಸದೆ.

ಪುಸ್ತಕವನ್ನು ತಾನೇ ಗಟ್ಟಿಯಾಗಿ ಓದಿ ಹೇಳುವ ಅಂಗಡಿಗಳೂ ಇವೆ. ನಿನ್ನೆ ಹುಡುಕಿ, ಒಂದೊಂದರ ದನಿಯನ್ನೂ ಕೇಳಿ, ಚೆನ್ನಾಗಿರುವುದನ್ನು ಆರಿಸಿಟ್ಟಿದ್ದೇನೆ. ಇದೆಲ್ಲ ಕೇಳಿದ ಮೇಲೆ ನನ್ನ ದನಿ ಬೇಡವೆನಿಸಿದರೆ ಹೇಳಿ, ಅತ್ತೆ. ಅದನ್ನು ಹಚ್ಚಿ ನಿಮ್ಮ ಪಕ್ಕದಲ್ಲಿಟ್ಟು, ನಾನು ಒಳಗೆ ಹೋಗುತ್ತೇನೆ.