ಹಲ್ಲು ಕೀಳಿಸಲು ತಮ್ಮ ಬರಬೇಕಿತ್ತು

ಹೈದರಾಬಾದಿನಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನ ನನ್ನ ಕೋಣೆಯಲ್ಲಿ ಅಫ್ಘಾನಿಸ್ತಾನದ ಹೆರಾತಿನಿಂದ ಬಂದ ಹುಡುಗಿಯೊಬ್ಬಳಿದ್ದಳು. ಇಬ್ಬರದೂ ಸಸ್ಯಶಾಸ್ತ್ರ. ಅವಳದು ಸಿನಿಮಾ ನೋಡಿ ಕಲಿತ ಹಿಂದಿ, ನನ್ನದು ನಮ್ಮ ಕಡೆಯ ದಖನಿ ಉರ್ದು. ಎರಡನ್ನೂ ಬೆರೆಸಿ ಮಾತಾಡಿಕೊಳ್ಳುತ್ತಿದ್ದೆವು. ಇಲ್ಲಿ ಅವಳ ಮಾತನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಒಂದು ರಜೆಯಲ್ಲಿ ಅವಳನ್ನು ಮನೂರಿನ ಹತ್ತಿರದ ನಮ್ಮೂರಿಗೆ ಕರೆದೊಯ್ದೆ. ನಾರಾಯಣಖೇಡದಲ್ಲಿ ಬಸ್ಸಿಳಿದು ಶೇರ್ ಆಟೋ ಹತ್ತಿದೆವು. ಸಿಕ್ಕ ಅರ್ಧ ಸೀಟಿನಲ್ಲಿ ಕುಳಿತು ಅವಳು ದಾರಿಯುದ್ದಕ್ಕೂ ತೊಗರಿ ಹೊಲ ನೋಡಿದಳು. ಅವ್ವನ ಭಾಷೆ ಅವಳಿಗೆ ಬಾರದು. ಆದರೂ ಒಲೆಯ ಮುಂದೆ ಅವ್ವನ ಪಕ್ಕದಿಂದ ಏಳುತ್ತಿರಲಿಲ್ಲ. ನಮ್ಮ ಮಾತಿನ ನಡುವೆ ದರವಾಜಾ, ಬಜಾರು, ಜಮೀನು ಕೇಳಿಸಿದಾಗಲೆಲ್ಲ ತಲೆಯೆತ್ತಿ, "ಇದು ನಮ್ಮ ಮನೆಯ ಮಾತು, ಇಲ್ಲಿಗೆ ಹೇಗೆ ಬಂತು?" ಎಂದು ನಗುತ್ತಿದ್ದಳು.

ಓದು ಮುಗಿಸಿ ಅವಳು ತನ್ನೂರಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳತೊಡಗಿದಳು. ನಾನು ಜಹೀರಾಬಾದಿನ ಕಾಲೇಜು ಸೇರಿದೆ. ಆಮೇಲೆ ಅಫ್ಘಾನಿಸ್ತಾನದಲ್ಲಿ ಸರ್ಕಾರ ಬದಲಾಯಿತು. ಮೊದಲು ಹುಡುಗಿಯರು ಬೇರೆ ಕೂರಲಿ ಎಂದರು, ಆಮೇಲೆ ಹುಡುಗಿಯರೂ ಪಾಠ ಹೇಳುವ ಹೆಂಗಸರೂ ಬರುವುದೇ ಬೇಡ ಎಂದರು. ಆ ದಿನ ತಿದ್ದಿದ ಉತ್ತರಪತ್ರಿಕೆಗಳ ಕಟ್ಟು ಹಿಡಿದು ಅವಳು ಗೇಟಿನ ಹೊರಗೆ ನಿಂತಿದ್ದಳಂತೆ. ಜೊತೆಗೆ ಪಾಠ ಮಾಡುತ್ತಿದ್ದ ಗಂಡಸರು ತಲೆ ತಗ್ಗಿಸಿ ಒಳಗೆ ಹೋದರು.

ಆಮೇಲೆ ಅವಳ ಸಂದೇಶಗಳು ಚಿಕ್ಕವಾಗುತ್ತ ಬಂದವು. ಉದ್ಯಾನಕ್ಕೆ ಹೋಗುವಂತಿಲ್ಲ, ದೂರ ಹೊರಟರೆ ಮನೆಯ ಗಂಡಸು ಜೊತೆಗಿರಬೇಕು. ತಂದೆ ಹಿಂದೆಯೇ ತೀರಿಕೊಂಡಿದ್ದರು. ಕೂಲಿ ಹುಡುಕಿಕೊಂಡು ತಮ್ಮ ಇರಾನಿಗೆ ಹೋದ. ಮನೆಯಲ್ಲಿ ಉಳಿದವರು ತಾಯಿ, ಮಗಳು.

ಕಳೆದ ವರ್ಷ ಅವಳಿಗೆ ಹಲ್ಲುನೋವು ಶುರುವಾಯಿತು. ತಾಯಿಯ ಜೊತೆ ದವಾಖಾನೆಗೆ ಹೋದಳು. ಬಾಗಿಲಲ್ಲಿ ಕಾವಲಿನವನು, "ಗಂಡಸು ಎಲ್ಲಿ?" ಎಂದು ಕೇಳಿದ. ತಾಯಿ ಲೆಕ್ಕಕ್ಕಿರಲಿಲ್ಲ. ಒಳಗಿದ್ದ ಡಾಕ್ಟರು ಹೊರಗೆ ಬಂದು, "ನಿಮ್ಮನ್ನು ನೋಡಿದರೆ ನನ್ನ ದವಾಖಾನೆ ಮುಚ್ಚಿಸುತ್ತಾರೆ, ತಂಗಿ" ಎಂದು ಬರೀ ಮಾತ್ರೆ ಕೊಟ್ಟು ಕಳಿಸಿದರು.

ಆ ವಾರ ನಾನು ಊರಿಗೆ ಹೋದಾಗ ಅವ್ವನಿಗೆ ಹೇಳಿದೆ.

"ಹಲ್ಲು ಕೀಳಸಾಕೂ ಗಂಡಸು ಬೇಕೇನು?" ಎಂದಳು ಅವ್ವ. ಒಲೆಗೆ ಕಟ್ಟಿಗೆ ದೂಡಿ, "ನಿಮ್ಮಪ್ಪನೂ ನನಗ ಕಲ್ಹೇರ ಸಂತಿಗೆ ಒಬ್ಬಾಕಿನ್ನ ಕಳಸ್ತಿದ್ದಿಲ್ಲ. ನಾ ಕೇಳದೇ ಹೋಗಿ ಬರ್ತಿದ್ದೆ. ಬೈತಿದ್ದ, ಬೈದು ಸುಮ್ಮನಾಗ್ತಿದ್ದ. ಈಕಿಗೆ ಬಯ್ಯೋರು ಯಾರೋ, ಯಾವಾಗ ಸುಮ್ಮನಾಗ್ತಾರೋ" ಎಂದಳು.

ಹೆರಾತಿನಲ್ಲಿ ಅವಳ ಪಕ್ಕದ ಮನೆಯ ಮುದುಕರೊಬ್ಬರು ಮರುಕಪಟ್ಟು, ಸೋದರಮಾವನೆಂದು ಹೇಳಿಕೊಂಡು ದವಾಖಾನೆಗೆ ಜೊತೆ ಹೋದರು. ಕಾವಲಿನವನು ಅವಳನ್ನು ಬೇರೆ ನಿಲ್ಲಿಸಿ, "ನಿನ್ನ ಮಾವನ ಹೆಂಡತಿಯ ಹೆಸರೇನು?" ಎಂದ. ಅವಳು ತಡವರಿಸಿದಳು. ಮುದುಕರನ್ನು ಗದರಿಸಿ ಇಬ್ಬರನ್ನೂ ಹೊರಗೆ ಕಳಿಸಿದ. ಮತ್ತೆ ಅವರನ್ನು ಕರೆಯಲು ಅವಳಿಗೆ ಮನಸ್ಸಾಗಲಿಲ್ಲ.

ಕೆನ್ನೆ ಊದಿಕೊಂಡಿತು, ಜ್ವರ ಬಂತು. ನಾನು ಜಹೀರಾಬಾದಿನ ಹಲ್ಲಿನ ಡಾಕ್ಟರನ್ನು ಕೇಳಿ ಔಷಧಿಯ ಹೆಸರು ಬರೆದು ಕಳಿಸುತ್ತಿದ್ದೆ. ಕೆಲವು ಅಲ್ಲಿ ಸಿಗುತ್ತಿದ್ದವು, ಕೆಲವು ಸಿಗುತ್ತಿರಲಿಲ್ಲ. "ಹೇಗಿದ್ದೀ?" ಎಂದು ಕೇಳಿ ಕೇಳಿ ನನಗೇ ನಾಚಿಕೆಯಾಗಿ, ಆಮೇಲೆ ಕೇಳುವುದನ್ನೇ ಕಡಿಮೆ ಮಾಡಿದೆ.

ಒಂದು ಮಧ್ಯಾಹ್ನ, ಪರೀಕ್ಷೆಯ ಕೆಲಸಕ್ಕೆಂದು ತಾಂಡೂರಿಗೆ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದಾಗ ಫೋನಿಗೆ ಅವಳ ಧ್ವನಿ ಸಂದೇಶ ಬಂತು. ಬಾಯಿ ಪೂರ್ತಿ ತೆರೆಯಲಾಗದವರ ಮಾತು.

"ತಮ್ಮನನ್ನು ಇರಾನಿನವರು ಗಡಿ ದಾಟಿಸಿ ಓಡಿಸಿದರು. ಉಟ್ಟ ಬಟ್ಟೆಯಲ್ಲೇ ಬಂದ. ಅಮ್ಮ ಅತ್ತಳು. ಬಾಗಿಲಲ್ಲಿ ಅವನನ್ನು ನೋಡಿದಾಗ ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಇನ್ನು ಹಲ್ಲು ಕೀಳಿಸಬಹುದು ಅಂತ. ಅವನಿಗೆ ಅಕ್ಷರ ಕಲಿಸಿದವಳು ನಾನು. ಅವನ ಬದುಕು ಮುರಿದು ಬಂದಾಗ ನಾನು ಸಂತೋಷಪಟ್ಟೆ."

ಬಂದ ಮರುದಿನವೇ ತಮ್ಮ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋಗಿದ್ದ. ಒಂದು ಹಲ್ಲಿನ ಕೀವು ಪಕ್ಕದ್ದಕ್ಕೂ ಹರಡಿತ್ತು, ಎರಡನ್ನೂ ಕಿತ್ತರು. ಜೊತೆಗಿದ್ದವನು ಯಾರೆಂದು ಕೇಳಿದವನು ಅದೇ ಕಾವಲಿನವನು. ಈ ಸಲ ತಡವರಿಸಬೇಕಾಗಲಿಲ್ಲ.

ನನ್ನ ಬಸ್ಸು ಬಂದು ಹೋಯಿತು. "ನಿನ್ನದೇನೂ ತಪ್ಪಿಲ್ಲ" ಎಂದಷ್ಟೇ ಬರೆದೆ.

ಈಗ ಅವಳ ತಮ್ಮ ಕೆಲಸವಿಲ್ಲದೆ ಮನೆಯಲ್ಲೇ ಇದ್ದಾನೆ. ಮೊನ್ನೆ ಅವಳೇ ಹೇಳಿದಳು: "ದಿನಾ ಬೆಳಿಗ್ಗೆ ಕೇಳುತ್ತಾನೆ, ಅಕ್ಕಾ, ಎಲ್ಲಿಗಾದರೂ ಹೋಗಬೇಕಾ, ನಾನಿದ್ದೇನಲ್ಲ ಅಂತ. ಎಷ್ಟು ಯೋಚಿಸಿದರೂ ಹೋಗಬೇಕೆನ್ನುವ ಜಾಗ ಒಂದೂ ನೆನಪಾಗುವುದಿಲ್ಲ."